ವೇಗ ಮತ್ತು ಕಡಿವಾಣ

ಮುಂಬಯಿಯಿಂದ ಊರಿಗೆ ಬಸ್ಸಿನಲ್ಲಿ ಹೋಗಿ ಬರುವ ನಮ್ಮವರಿಗೆ ಖಂಡಾಳದ ಘಾಟಿ ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ಕಡೆಯವರು ಅದನ್ನು ದಾಟಿದ ಮೇಲೆ ಇನ್ನೂ ಒಂದೆರಡು ಘಾಟಿಗಳನ್ನು ಕಾಣಬೇಕು. ಮಲೆನಾಡಿನವರಿಗಂತೂ ಆಗುಂಬೆ, ಚಾರ್ಮಾಡಿ, ಶಿರಾಡಿಗಳು ಇದ್ದೇ ಇವೆ. ಇಳಿಜಾರು ಬಂದೊಡನೆ ಡ್ರೈವರನು ಗೇರು ತಗ್ಗಿಸುತ್ತಾನೆ. ಎಂಜಿನ್ನು ಒಮ್ಮೆ ಗುರುಗುಟ್ಟಿ ಬಸ್ಸನ್ನು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಆದರೂ ಒಮ್ಮೊಮ್ಮೆ ಕಿಟಕಿಯಿಂದ ಕಮಟು ವಾಸನೆಯೊಂದು ಒಳಗೆ ಬರುತ್ತದೆ. “ಏನಿದು ಸುಟ್ಟ ವಾಸನೆ?” ಎಂದು ಮಕ್ಕಳು ಕೇಳಿದರೆ, “ಬ್ರೇಕು ಕಾದಿದೆ ಮಗು, ಸುಮ್ಮನೆ ಕೂತಿರು” ಎಂದು ಹಿರಿಯರು ಹೇಳುತ್ತಾರೆ.

ಬ್ರೇಕು ಕಾಯುವುದೇಕೆ? ಕಾದರೆ ಆಗುವುದೇನು? ಈ ಎರಡು ಪ್ರಶ್ನೆಗಳ ಹಿಂದೆ ಸುಮಾರು ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ. ಅದರಲ್ಲಿ ಜಾಣತನವಿದೆ, ಹಟವಿದೆ, ಪ್ರಾಣಹಾನಿಯೂ ಇದೆ. ಆ ಕಥೆಯನ್ನು ಇಂಗ್ಲೆಂಡಿನ ಜಾಗ್ವಾರ್ ಎಂಬ ಕಾರಿನ ಮೂಲಕ ಹೇಳುವುದು ಸುಲಭ. ಏಕೆಂದರೆ ಕಾರ್ಖಾನೆಯವರು ಮಾಮೂಲಾಗಿ ಕೂಡಿಸಿ ಕೊಡುವ ಬ್ರೇಕು ಬೇರೆ, ಪಂದ್ಯದ ಓಟಕ್ಕೆ ತಕ್ಕ ಬ್ರೇಕು ಬೇರೆ ಎಂಬ ಭೇದವು ಈ ಕಾರಿನ ಚರಿತ್ರೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ವಿರಳ. ಅಲ್ಲದೆ 2008ನೆಯ ಇಸವಿಯಲ್ಲಿ ಈ ಸಂಸ್ಥೆ ನಮ್ಮ ಮುಂಬಯಿಯ ಟಾಟಾ ಮೋಟಾರ್ಸಿನ ಕೈಗೆ ಬಂತು. ಹಾಗಾಗಿ ಇದು ಈಗ ತೀರ ಪರರ ಮನೆಯ ಮಾತೂ ಅಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಓಡುವ ಕಾರಿನಲ್ಲಿ ಶಕ್ತಿ ಅಡಗಿರುತ್ತದೆ. ಕಾರು ನಿಂತಾಗ ಆ ಶಕ್ತಿ ಇಲ್ಲವಾಗುವುದಿಲ್ಲ. ಬ್ರೇಕಿನ ತಿಕ್ಕಾಟದಲ್ಲಿ ಶಾಖವಾಗಿ ಮಾರ್ಪಡುತ್ತದೆ. 1,450 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 100 ಕಿಲೋಮೀಟರು ವೇಗದಿಂದ ನಿಂತಾಗ ಹುಟ್ಟುವ ಶಾಖದಿಂದ ಸುಮಾರು ಒಂದು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ವೇಗ ಎರಡು ಪಾಲಾದರೆ ಶಾಖ ಎರಡು ಪಾಲಲ್ಲ, ನಾಲ್ಕು ಪಾಲು. ಅದೇ ಕಾರು 500 ಮೀಟರು ಎತ್ತರದ ಘಾಟಿಯನ್ನು ಬರಿಯ ಬ್ರೇಕಿನ ಬಲದಿಂದಲೇ ಇಳಿದರೆ ಎರಡು ಕೊಡ ನೀರು ಕುದಿಯುವಷ್ಟು ಶಾಖ ಆ ಸಣ್ಣ ಲೋಹದ ತುಂಡುಗಳ ಮೇಲೆ ಬೀಳುತ್ತದೆ. ನಮ್ಮ ಡ್ರೈವರನು ಗೇರು ತಗ್ಗಿಸಿ ಭಾರದ ಒಂದು ಪಾಲನ್ನು ಎಂಜಿನ್ನಿನ ಮೇಲೆ ಹೊರಿಸುವುದು ಇದಕ್ಕಾಗಿಯೇ. ಬ್ರೇಕಿನ ಇತಿಹಾಸವೆಂದರೆ ಈ ಶಾಖವನ್ನು ಎಲ್ಲಿ ಚೆಲ್ಲುವುದೆಂಬ ಚಿಂತೆಯ ಇತಿಹಾಸವೇ ಎಂದರೆ ಅತಿಶಯೋಕ್ತಿಯಾಗಲಾರದು.

ಮೋಟಾರು ಹುಟ್ಟಿದ ಕಾಲದಲ್ಲಿ ಬ್ರೇಕಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಕುದುರೆಗಾಡಿಯ ಗಾಲಿಗೆ ಮರದ ತುಂಡನ್ನು ಒತ್ತುವ ಪದ್ಧತಿಯನ್ನೇ ಮೋಟಾರಿಗೂ ಅಳವಡಿಸಿದರು. ಇಳಿಜಾರಿನಲ್ಲಿ ಗಾಡಿಯವರು ಆ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಕಟ್ಟುತ್ತಿದ್ದುದನ್ನು ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಹರ್ಬರ್ಟ್ ಫ್ರೂಡ್ ಎಂಬಾತ ಕಂಡನೆಂದೂ, ಅದರಿಂದಲೇ ಒಳ್ಳೆಯ ಬ್ರೇಕ್ ಲೈನಿಂಗಿನ ಯೋಚನೆ ಅವನಿಗೆ ಹೊಳೆಯಿತೆಂದೂ ಹೇಳುತ್ತಾರೆ. 1897ರಲ್ಲಿ ಆತ ಕೆಲಸ ಆರಂಭಿಸಿದ. 1908ರ ಹೊತ್ತಿಗೆ ಶಾಖವನ್ನು ತಡೆಯಬಲ್ಲ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಲೈನಿಂಗಿಗೆ ಬಳಸಿದ. ಇಂದಿಗೂ ಗ್ಯಾರೇಜುಗಳಲ್ಲಿ ಕೇಳಿಬರುವ ‘ಫೆರೋಡೋ’ ಎಂಬ ಹೆಸರು ಫ್ರೂಡನ ಹೆಸರಿನ ಅಕ್ಷರಗಳಿಂದಲೇ ಹುಟ್ಟಿದ್ದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಆಮೇಲೆ ತಿಳಿದುಬಂದು, ಬ್ರಿಟನ್ ಅದನ್ನು 1999ರಲ್ಲಿ ಪೂರ್ತಿಯಾಗಿ ನಿಷೇಧಿಸಿತು.

1902ನೆಯ ಇಸವಿ ಬ್ರೇಕಿನ ಚರಿತ್ರೆಯಲ್ಲಿ ಒಂದು ಕವಲುದಾರಿ. ಫ್ರಾನ್ಸಿನ ಲೂಯಿ ರೆನೋ ಆ ವರ್ಷ ಡ್ರಮ್ ಬ್ರೇಕನ್ನು ರೂಢಿಗೆ ತಂದ. ಚಕ್ರದೊಡನೆ ತಿರುಗುವ ಲೋಹದ ಡಬ್ಬಿಯೊಂದು. ಅದರ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಪೆಡಲನ್ನು ತುಳಿದಾಗ ಶೂಗಳು ಅಗಲವಾಗಿ ಡಬ್ಬಿಯ ಒಳಮೈಯನ್ನು ಒತ್ತುತ್ತವೆ. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮೇಧಾವಿ ಬೇರೊಂದು ಬ್ರೇಕಿಗೆ ಪೇಟೆಂಟು ಪಡೆದ. ಅದರಲ್ಲಿ ಡಬ್ಬಿಯಿಲ್ಲ, ಬಯಲಿನಲ್ಲಿ ತಿರುಗುವ ಒಂದು ಬಿಲ್ಲೆ, ಅದನ್ನು ಎರಡು ಕಡೆಯಿಂದಲೂ ಚಿವುಟಿ ಹಿಡಿಯುವ ಇಕ್ಕಳ. ಸೈಕಲ್ಲಿನ ಬ್ರೇಕು ರಿಮ್ಮನ್ನು ಹೇಗೆ ಚಿವುಟುತ್ತದೆಂಬುದನ್ನು ನೆನಪಿಗೆ ತಂದುಕೊಂಡರೆ ಇದು ಅರ್ಥವಾದಂತೆಯೇ. ಇದೇ ಡಿಸ್ಕ್ ಬ್ರೇಕು. ಆದರೆ ಆ ಕಾಲದ ರಸ್ತೆಗಳೆಲ್ಲ ಧೂಳು. ಲೋಹಕ್ಕೆ ಲೋಹ ತಿಕ್ಕಿ ಕಿರ್ರೆಂಬ ಕರ್ಕಶ ಶಬ್ದ. ಪ್ಯಾಡುಗಳೋ ಬೇಗನೆ ಸವೆದು ಹೋಗುತ್ತಿದ್ದವು. ಲ್ಯಾಂಚೆಸ್ಟರನ ಯುಕ್ತಿ ಮೂಲೆ ಸೇರಿತು. ರೆನೋನ ಡಬ್ಬಿ ಜಗತ್ತನ್ನು ಆಳಿತು.

ಡಬ್ಬಿಯ ಪಕ್ಷದಲ್ಲಿಯೂ ನ್ಯಾಯವಿತ್ತು. ತಿರುಗುವ ಡ್ರಮ್ಮು ಮುಂದಿನ ಶೂವನ್ನು ತಾನೇ ಎಳೆದುಕೊಂಡು ಒತ್ತಡವನ್ನು ಹೆಚ್ಚಿಸುವುದರಿಂದ ಕಾಲಿಗೆ ಶ್ರಮ ಕಡಿಮೆ. ನಿಂತ ಕಾರನ್ನು ಹಿಡಿದಿಡುವ ಕೈಬ್ರೇಕಿಗಂತೂ ಅದು ಬಹಳ ಒಳ್ಳೆಯದು. ಬಹುಕಾಲದವರೆಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತಿತ್ತು. ಮುಂದಿನ ಚಕ್ರಗಳಿಗೂ ಹಾಕಿದರೆ ಕಾರು ಮುಗ್ಗರಿಸೀತೆಂದು ಅನೇಕರು ಹೆದರಿದ್ದರು. ವಾಸ್ತವದಲ್ಲಿ ನಿಲ್ಲುವ ಹೊತ್ತಿಗೆ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕೇ ಮುಖ್ಯ. 1919ರಲ್ಲಿ ಹಿಸ್ಪಾನೋ-ಸುಯಿಝಾ ಎಂಬ ವೈಭವದ ಕಾರು ನಾಲ್ಕು ಚಕ್ರಗಳಿಗೂ ಬ್ರೇಕು ಕೊಟ್ಟು, ಕಾಲಿನ ಬಲಕ್ಕೆ ಯಂತ್ರದ ಬಲವನ್ನೂ ಕೂಡಿಸಿತು. ತರುವಾಯ ರೋಲ್ಸ್-ರಾಯ್ಸಿನವರೂ ಆ ಏರ್ಪಾಟನ್ನೇ ಲೈಸೆನ್ಸು ಪಡೆದು ಅನುಸರಿಸಿದರು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ತಂತಿ-ಸಲಾಕೆಗಳ ಬದಲು ಕೊಳವೆಯಲ್ಲಿನ ದ್ರವದ ಒತ್ತಡದಿಂದ ನಾಲ್ಕೂ ಬ್ರೇಕುಗಳನ್ನು ಒಟ್ಟಿಗೆ ನಡೆಸಿ ತೋರಿಸಿತು.

ಹೀಗೆ ಡ್ರಮ್ ಬ್ರೇಕು ಬೆಳೆಯಿತು. ಆದರೆ ಅದರ ಹೊಟ್ಟೆಯಲ್ಲಿಯೇ ಅದರ ಶತ್ರುವೂ ಇತ್ತು. ಮುಚ್ಚಿದ ಡಬ್ಬಿಯೊಳಗೆ ಹುಟ್ಟಿದ ಶಾಖ ಹೊರಗೆ ಹೋಗಲು ದಾರಿ ಕಾಣದು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲು ಕೆಳಗೆ ಕೆಳಗೆ ಹೋಗುತ್ತದೆ. ಕಾರು ಮಾತ್ರ ಮುಂದೆ ಮುಂದೆ ಹೋಗುತ್ತದೆ. ಬಿಲ್ಲೆಯಾದರೋ ಗಾಳಿಯಲ್ಲಿಯೇ ತಿರುಗುವುದರಿಂದ ಬೇಗ ಆರುತ್ತದೆ. ಕಾದಾಗ ದಪ್ಪವಾಗಿ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ, ದೂರ ಸರಿಯುವುದಿಲ್ಲ. ಮೇಲೆ ಬಿದ್ದ ನೀರನ್ನೂ ಒದರಿಕೊಳ್ಳುತ್ತದೆ. ಲ್ಯಾಂಚೆಸ್ಟರನ ಹಳೆಯ ಯುಕ್ತಿಯನ್ನು ಮತ್ತೆ ಬೆಳಕಿಗೆ ತಂದದ್ದು ವಿಮಾನ. ಭಾರವಾದ ವಿಮಾನವು ಅತಿ ವೇಗದಿಂದ ನೆಲಕ್ಕಿಳಿದು ಸ್ವಲ್ಪ ದೂರದಲ್ಲಿ ನಿಲ್ಲಬೇಕು. ಡಬ್ಬಿಯಿಂದ ಆ ಕೆಲಸ ಸಾಗದು. ವಿಮಾನದ ಬ್ರೇಕಿನಲ್ಲಿ ಕೈ ಪಳಗಿದ ಡನ್‌ಲಪ್ ಕಂಪನಿಯವರು ಜಾಗ್ವಾರಿನವರೊಡನೆ ಕೂಡಿ ಅದನ್ನು ಕಾರಿಗೆ ಒಗ್ಗಿಸಲು ನಿಂತರು.

ಜಾಗ್ವಾರಿಗೆ ಅದರ ಗರಜು ಬಹಳವಿತ್ತು. ವಿಲಿಯಂ ಲೈಯನ್ಸ್ ಕಟ್ಟಿ ಬೆಳೆಸಿದ ಈ ಸಂಸ್ಥೆ 1948ರಲ್ಲಿ ಎಕ್ಸ್‌ಕೆ 120 ಎಂಬ ಕಾರನ್ನು ಹೊರತಂದಿತು. ಹೆಸರಿನಲ್ಲಿಯೇ ಅದರ ವೇಗ: ಗಂಟೆಗೆ 120 ಮೈಲಿ. ನೋಟಕ್ಕೆ ಅತಿ ಸುಂದರ. ಓಟಕ್ಕೆ ಅತಿ ಚುರುಕು. ಆದರೆ ಮುಚ್ಚಿದ ಮೈಕಟ್ಟಿನ ಒಳಗೆ ಅಡಗಿದ್ದ ಡ್ರಮ್ಮುಗಳಿಗೆ ಗಾಳಿ ಸಾಲದು. ನಾಲ್ಕಾರು ಬಾರಿ ಜೋರಾಗಿ ತುಳಿದರೆ ಬ್ರೇಕು ಸೋಲುತ್ತದೆಂಬ ದೂರು ಅದಕ್ಕೆ ಅಂಟಿಕೊಂಡಿತು. ಎಂಜಿನ್ನು ಹೊಸ ಕಾಲದ್ದು, ಬ್ರೇಕು ಹಳೆಯ ಕಾಲದ್ದು.

ಹೊಸ ಬ್ರೇಕು ಒಂದೇ ದಿನದಲ್ಲಿ ಕೈಗೆ ಬರಲಿಲ್ಲ. ನಾರ್ಮನ್ ಡ್ಯೂಯಿಸ್ ಎಂಬ ಪರೀಕ್ಷಾ ಚಾಲಕ ಸಾವಿರಾರು ಮೈಲಿ ಓಡಿಸಿ, ಮತ್ತೆ ಮತ್ತೆ ನಿಲ್ಲಿಸಿ ಅದರ ದೋಷಗಳನ್ನು ಹುಡುಕಿದ. ಬಿಲ್ಲೆಯ ಶಾಖ ತಗುಲಿ ಬ್ರೇಕಿನ ದ್ರವವೇ ಕುದಿಯುತ್ತಿತ್ತು. ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ಗಾಳಿ ತುಳಿದಂತೆ ಪೊಳ್ಳಾಗುತ್ತಿತ್ತು. ತಿರುವುಗಳಲ್ಲಿ ಬಿಲ್ಲೆ ತುಸು ಓಲಾಡಿ ಪ್ಯಾಡುಗಳನ್ನು ಹಿಂದಕ್ಕೆ ನೂಕುತ್ತಿತ್ತು. ಮುಂದಿನ ಸಲ ತುಳಿದಾಗ ಪೆಡಲು ಅರ್ಧ ದಾರಿ ಬರಿದೇ ಇಳಿಯುತ್ತಿತ್ತು. ಇವನ್ನೆಲ್ಲ ಒಂದೊಂದಾಗಿ ತಿದ್ದಿದರು. 1952ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ತರುಣ ಇಟಲಿಯ ಮಿಲ್ಲೆ ಮಿಲ್ಯಾ ಓಟಕ್ಕೆ ಡ್ಯೂಯಿಸನನ್ನು ಜೊತೆಗೆ ಕೂರಿಸಿಕೊಂಡು ಡಿಸ್ಕ್ ಬ್ರೇಕಿನ ಜಾಗ್ವಾರಿನಲ್ಲಿ ಹೋದ. ಆ ಓಟ ಪೂರೈಸಲಿಲ್ಲ. ಆದರೆ ಮುಂದಿನ ತಿಂಗಳು ಫ್ರಾನ್ಸಿನ ರ‍್ಯಾಂಸ್ ಊರಿನ ಪಂದ್ಯವನ್ನು ಅದೇ ಬಗೆಯ ಕಾರಿನಲ್ಲಿ ಗೆದ್ದ.

ನಿಜವಾದ ಪರೀಕ್ಷೆ ನಡೆದದ್ದು 1953ರ ಜೂನ್ ತಿಂಗಳಲ್ಲಿ, ಫ್ರಾನ್ಸಿನ ಲ ಮಾನ್ ಊರಿನಲ್ಲಿ. ಅಲ್ಲಿಯ ಓಟ ಇಪ್ಪತ್ತನಾಲ್ಕು ಗಂಟೆಗಳದ್ದು; ಹಗಲೂ ರಾತ್ರಿಯೂ ನಿಲ್ಲದೆ ಸುಮಾರು ಹದಿಮೂರೂವರೆ ಕಿಲೋಮೀಟರಿನ ಸುತ್ತನ್ನು ಸುತ್ತುತ್ತಲೇ ಇರಬೇಕು. ಆಗಿನ ಸುತ್ತಿನಲ್ಲಿ ಸುಮಾರು ಆರು ಕಿಲೋಮೀಟರಿನ ನೇರ ರಸ್ತೆಯೊಂದಿತ್ತು. ಅದರ ಕೊನೆಯಲ್ಲಿ ಗಂಟೆಗೆ 240 ಕಿಲೋಮೀಟರಿನ ಆಸುಪಾಸಿನ ವೇಗ. ಕೂಡಲೇ ಬಲಕ್ಕೆ ಕಡಿದಾದ ತಿರುವು. ಗೆದ್ದ ಕಾರು ಈ ಸುತ್ತನ್ನು ಮುನ್ನೂರಕ್ಕೂ ಹೆಚ್ಚು ಬಾರಿ ಸುತ್ತಿತು. ಎಂದರೆ ಆ ತಿರುವಿನಲ್ಲಿ ಅಷ್ಟೇ ಬಾರಿ ಬ್ರೇಕನ್ನು ಬಲವಾಗಿ ತುಳಿಯಬೇಕಾಯಿತು. ಡ್ರಮ್ ಬ್ರೇಕಿನವರು ಬ್ರೇಕನ್ನು ಉಳಿಸಿಕೊಳ್ಳುವುದಕ್ಕಾಗಿ ತಿರುವಿಗೆ ಬಹಳ ಮೊದಲೇ ವೇಗ ತಗ್ಗಿಸಬೇಕಾಗಿದ್ದರೆ, ಜಾಗ್ವಾರಿನವರು ಇನ್ನೂ ಬಹುದೂರ ಪೂರ್ಣ ವೇಗದಲ್ಲಿಯೇ ಬಂದು, ಕೊನೆಯ ಗಳಿಗೆಯಲ್ಲಿ ತುಳಿದು ತಿರುಗುತ್ತಿದ್ದರು. ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಇಬ್ಬರೂ ಸೇರಿ ಮೊದಲ ಸ್ಥಾನ ಪಡೆದರು. ಜಾಗ್ವಾರಿನ ಇನ್ನೆರಡು ಕಾರುಗಳು ಎರಡನೆಯ ಮತ್ತು ನಾಲ್ಕನೆಯ ಸ್ಥಾನಕ್ಕೆ ಬಂದವು. 1951ರಲ್ಲಿ ಇದೇ ಜಾತಿಯ ಜಾಗ್ವಾರು ಡ್ರಮ್ ಬ್ರೇಕಿನಿಂದ ಗೆದ್ದಾಗ ಸರಾಸರಿ ವೇಗ ಗಂಟೆಗೆ 93 ಮೈಲಿಯ ಮೇಲಿತ್ತು. 1953ರಲ್ಲಿ ಅದು 105 ಮೈಲಿಯನ್ನು ದಾಟಿತು. ಲ ಮಾನಿನಲ್ಲಿ ನೂರು ಮೈಲಿಯ ಸರಾಸರಿ ದಾಟಿದ್ದು ಅದೇ ಮೊದಲು. ಇದೆಲ್ಲ ಬ್ರೇಕಿನ ಪುಣ್ಯವೆಂದಲ್ಲ, ಎಂಜಿನ್ನೂ ಹದಗೊಂಡಿತ್ತು. ಆದರೆ ಬೇಗ ಓಡಬೇಕಾದವನು ಬೇಗ ನಿಲ್ಲಲು ಕಲಿತಿರಬೇಕೆಂಬುದು ಆ ದಿನ ಎಲ್ಲರಿಗೂ ಮನದಟ್ಟಾಯಿತು.

ಎರಡು ವರ್ಷಗಳ ತರುವಾಯ ಅದೇ ಲ ಮಾನ್ ಇನ್ನೊಂದು ಪಾಠವನ್ನು ಕಲಿಸಿತು. 1955ರ ಜೂನ್ 11. ಮೈಕ್ ಹಾಥಾರ್ನ್ ಡಿಸ್ಕ್ ಬ್ರೇಕಿನ ಜಾಗ್ವಾರಿನಲ್ಲಿದ್ದ. ಜರ್ಮನಿಯ ಮರ್ಸಿಡಿಸ್ ಕಾರುಗಳಲ್ಲಿ ಇನ್ನೂ ಡ್ರಮ್ ಬ್ರೇಕುಗಳೇ ಇದ್ದವು. ಅವುಗಳ ಕೊರತೆಯನ್ನು ತುಂಬಲು ಜರ್ಮನರು ಕಾರಿನ ಬೆನ್ನಿನ ಮೇಲೆ ರೆಕ್ಕೆಯಂತೆ ಏಳುವ ದೊಡ್ಡ ಹಲಗೆಯೊಂದನ್ನು ಜೋಡಿಸಿದ್ದರು. ಗಾಳಿಯೇ ಅವರಿಗೆ ಐದನೆಯ ಬ್ರೇಕು. ಸಂಜೆಯ ಹೊತ್ತು ಹಾಥಾರ್ನ್ ಪೆಟ್ರೋಲಿಗಾಗಿ ತನ್ನವರ ಕಟ್ಟೆಯ ಕಡೆಗೆ ವೇಗ ತಗ್ಗಿಸಿದ. ಅವನ ಬೆನ್ನಿಗಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತನ್ನ ಆಸ್ಟಿನ್-ಹೀಲಿಯನ್ನು ಎಡಕ್ಕೆ ಸರಿಸಿದ. ಹಿಂದಿನಿಂದ ಧಾವಿಸಿ ಬರುತ್ತಿದ್ದ ಪಿಯೆರ್ ಲೆವೆಗನ ಮರ್ಸಿಡಿಸ್ ಆ ಕಾರಿಗೆ ಬಡಿದು, ಹಾರಿ, ಛಿದ್ರವಾಗಿ ನೋಡುತ್ತಿದ್ದ ಜನರ ನಡುವೆ ಬಿತ್ತು. ಲೆವೆಗ್ ಮಡಿದ, ಅವನೊಡನೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಅಸುನೀಗಿದರು. ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದುದು ಇನ್ನೊಂದಿಲ್ಲ. ತನಿಖೆ ನಡೆಸಿದವರು ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ. ಆ ವೇಗಗಳಿಗೆ ಆ ಹಳೆಯ ರಸ್ತೆಯೂ ಅದರ ಏರ್ಪಾಡುಗಳೂ ತಕ್ಕವಾಗಿರಲಿಲ್ಲವೆಂದರು. ಗಂಟೆಗೆ 240 ಕಿಲೋಮೀಟರಿನಲ್ಲಿ ಕಾರು ಒಂದು ಸೆಕೆಂಡಿಗೆ 65 ಮೀಟರಿಗೂ ಮಿಕ್ಕಿ ಸಾಗುತ್ತದೆ. ಮುಂದಿನವನು ಬೇಗ ನಿಲ್ಲಬಲ್ಲವನಾಗಿ, ಹಿಂದಿನವನು ಅಷ್ಟು ಬೇಗ ನಿಲ್ಲಲಾರದವನಾದರೆ, ಒಂದೇ ರಸ್ತೆಯಲ್ಲಿ ಇಬ್ಬರಿಗೂ ಕ್ಷೇಮವಿಲ್ಲ.

ಇನ್ನು ಪಂದ್ಯದ ಬಯಲನ್ನು ಬಿಟ್ಟು ಮನೆಯಂಗಳದ ಕಾರಿಗೆ ಬರೋಣ. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿಕೊಂಡು ಸಾಮಾನ್ಯ ಜನರ ರಸ್ತೆಗೆ ಬಂತು. ಮರುವರ್ಷ ಇಂಗ್ಲೆಂಡಿನ ಟ್ರಯಂಫ್ ಟಿಆರ್ 3 ಕೂಡ ಬಂತು. ಪಂದ್ಯದಲ್ಲಿ ಗೆದ್ದ ಜಾಗ್ವಾರು ಮಾತ್ರ ತನ್ನ ಗಿರಾಕಿಗಳಿಗೆ ಡ್ರಮ್ಮನ್ನೇ ಕೊಡುತ್ತಿತ್ತು! 1957ರ ಫೆಬ್ರವರಿ 12ರಂದು ಕವೆಂಟ್ರಿಯ ಕಾರ್ಖಾನೆಗೆ ಬೆಂಕಿ ಬಿದ್ದು ಬಹಳ ನಷ್ಟವಾಯಿತು. ಆದರೂ ಆ ತಿಂಗಳ ಕೊನೆಗೇ 3.4 ಲೀಟರಿನ ಹೊಸ ಕಾರನ್ನು ಹೊರತಂದರು. ನಾಲ್ಕು ಬಾಗಿಲು, ಚರ್ಮದ ಮೆತ್ತೆ, ಮೆರುಗು ಕೊಟ್ಟ ಮರದ ಹಲಗೆ. ಇದು ವೈದ್ಯರೂ ವಕೀಲರೂ ಸಂಸಾರಸಮೇತ ಕೂತು ಹೋಗುವ ಕಾರು. ಆದರೆ ಎಂಜಿನ್ನು 210 ಕುದುರೆ ಶಕ್ತಿಯದು. ವೇಗ ಗಂಟೆಗೆ ಸುಮಾರು 190 ಕಿಲೋಮೀಟರು. ಆ ವೇಗದಿಂದ ಒಮ್ಮೆ ನಿಂತರೆ ಆರು ಲೀಟರು ನೀರು ಕುದಿಯುವಷ್ಟು ಶಾಖ. ಅದನ್ನು ತಡೆಯಲು ಕೊಟ್ಟದ್ದು ಡ್ರಮ್ ಬ್ರೇಕು. ಒಂದೆರಡು ಸಲ ನಿಲ್ಲಿಸಲು ಏನೂ ತೊಂದರೆಯಿಲ್ಲ. ಜೋರಾಗಿ ಓಡಿಸುವವನಿಗೆ ಮಾತ್ರ ಸಾಲದು. ಕೆಲಕಾಲದಲ್ಲಿಯೇ, ಬೇಕೆಂದವರಿಗೆ ಹೆಚ್ಚಿನ ಬೆಲೆಗೆ ಡನ್‌ಲಪ್ ಡಿಸ್ಕ್ ಬ್ರೇಕು ಕೊಡತೊಡಗಿದರು. ಅದೇ ವರ್ಷದ ಎಕ್ಸ್‌ಕೆ 150 ಕಾರಿನಲ್ಲಿಯೂ ಹೀಗೆಯೇ: ಪಟ್ಟಿಯಲ್ಲಿ ಡ್ರಮ್ಮಿನ ಕಾರೂ ಉಂಟು; ಆದರೆ ಕೊಂಡವರಲ್ಲಿ ಬಹುತೇಕ ಎಲ್ಲರೂ ಡಿಸ್ಕನ್ನೇ ಕೇಳಿದರು.

ಜನರ ಮಾತು ಕಾರ್ಖಾನೆಗೂ ಕೇಳಿಸಿತು. 1959ರಲ್ಲಿ ಬಂದ ‘ಮಾರ್ಕ್ 2’ ಕಾರಿನ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಮಾಮೂಲು ಸಾಮಗ್ರಿಯಾಯಿತು. ಮರ್ಸಿಡಿಸಿನವರೂ ತಮ್ಮ ಹೆಸರಾಂತ 300 ಎಸ್‌ಎಲ್ ಕಾರಿಗೆ 1961ರಲ್ಲಿ ಡಿಸ್ಕನ್ನು ಒಪ್ಪಿಕೊಂಡರು. ಎಂಟು ವರ್ಷಗಳ ಹಿಂದೆ ಲ ಮಾನಿನಲ್ಲಿ ವಿಸ್ಮಯವೆನಿಸಿದ್ದು ಈಗ ಅಂಗಡಿಯಲ್ಲಿ ಸಿಗುವ ಸರಕಾಯಿತು. ನೆನ್ನೆಯ ಪಂದ್ಯದ ಬ್ರೇಕೇ ಇಂದಿನ ಕಾರ್ಖಾನೆಯ ಬ್ರೇಕು. ಹೊಸತರಲ್ಲಿಯೂ ಕುಂದಿಲ್ಲದೆ ಇರಲಿಲ್ಲ: ಆ ಜಾಗ್ವಾರುಗಳ ಕೈಬ್ರೇಕು ಬಹಳ ದುರ್ಬಲವೆಂದು ಹೆಸರಾಗಿತ್ತು. ಡ್ರಮ್ಮಿಗೆ ಸಹಜವಾಗಿದ್ದ ಗುಣವೊಂದನ್ನು ಡಿಸ್ಕಿನಲ್ಲಿ ಮತ್ತೆ ದುಡಿದು ಸಂಪಾದಿಸಬೇಕಾಯಿತು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1955ರ ಲ ಮಾನಿನಲ್ಲಿ ಗೆದ್ದ ಹಾಥಾರ್ನ್ 1958ರಲ್ಲಿ ಜಗತ್ತಿನ ಚಾಂಪಿಯನ್ ಆಗಿ ಪಂದ್ಯಗಳಿಗೆ ವಿದಾಯ ಹೇಳಿದ. 1959ರ ಜನವರಿ 22ರಂದು, ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹತ್ತಿರ, ಮಳೆಯಿಂದ ಒದ್ದೆಯಾದ ಸಾಮಾನ್ಯ ರಸ್ತೆಯಲ್ಲಿ ತನ್ನ 3.4 ಲೀಟರ್ ಜಾಗ್ವಾರನ್ನು ಅತಿ ವೇಗದಿಂದ ಓಡಿಸುತ್ತ ಹತೋಟಿ ತಪ್ಪಿ ಮಡಿದ. ವಯಸ್ಸು ಇಪ್ಪತ್ತೊಂಬತ್ತು. ಪಂದ್ಯದ ರಸ್ತೆಗಳೆಲ್ಲ ಬಿಟ್ಟುಕೊಟ್ಟವನನ್ನು ಊರಿನ ರಸ್ತೆ ಬಿಡಲಿಲ್ಲ. ಅಲ್ಲಿ ಬ್ರೇಕು ಸೋತಿತೆಂದು ನಾನು ಹೇಳುವುದಿಲ್ಲ. ಆದರೆ ಎಂಥ ಬ್ರೇಕಿಗೂ ಒಂದು ಮೇರೆ ಇದೆಯೆಂಬುದು ನಿಜ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಒಳ್ಳೆಯ ಒಣ ರಸ್ತೆಯಲ್ಲಿಯೂ ಗಂಟೆಗೆ 100 ಕಿಲೋಮೀಟರಿನಿಂದ ನಿಲ್ಲಲು ಸುಮಾರು 50 ಮೀಟರು ಬೇಕಾಗುವ ಕಾರಿಗೆ ದುಬಾರಿ ಬ್ರೇಕು ಕೂಡಿಸಿದ ಮಾತ್ರಕ್ಕೆ ಅದು 25 ಮೀಟರಾಗದು. ಮಾಮೂಲು ಬ್ರೇಕಿಗೂ ಪಂದ್ಯದ ಬ್ರೇಕಿಗೂ ಇರುವ ಅಂತರ ಕಾಣುವುದು ಮೊದಲನೆಯ ನಿಲುಗಡೆಯಲ್ಲಿ ಅಲ್ಲ, ಹತ್ತನೆಯದರಲ್ಲಿ.

ಚಕ್ರ ಪೂರ್ತಿ ಬಿಗಿದು ಜಾರದಂತೆ ಕಾಯುವ ಉಪಾಯವೂ ವಿಮಾನದಿಂದಲೇ ಬಂತು. ಡನ್‌ಲಪ್ಪಿನವರ ಮ್ಯಾಕ್ಸಾರೆಟ್ ಎಂಬ ವಿಮಾನದ ಸಾಧನವನ್ನು 1966ರಲ್ಲಿ ಜೆನ್ಸೆನ್ ಎಫ್‌ಎಫ್ ಕಾರಿಗೆ ಜೋಡಿಸಿದರು. 1978ರಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ಎಬಿಎಸ್ ಮರ್ಸಿಡಿಸಿನ ದೊಡ್ಡ ಕಾರುಗಳಲ್ಲಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಒಂದು ಕಾಲದಲ್ಲಿ ಸಿರಿವಂತನ ಕಾರಿಗೆ ಮಾತ್ರ ಇದ್ದ ರಕ್ಷಣೆ ಇಂದು ಸಂಬಳದಾರನ ಸಣ್ಣ ಕಾರಿಗೂ ಬಂದಿದೆ.

ಅದೇ ಕಥೆ ಈಗ ಹೊಸ ವೇಷದಲ್ಲಿ ನಡೆಯುತ್ತಿದೆ. ಕಾಂಕಾರ್ಡ್ ವಿಮಾನಕ್ಕೆ ಇಂಗಾಲದ ಬ್ರೇಕು ಇತ್ತು. ಅದೇ ಎಪ್ಪತ್ತರ ದಶಕದಲ್ಲಿ ಅಂಥ ಬ್ರೇಕು ಪಂದ್ಯದ ಕಾರಿಗೂ ಬಂತು. 2001ರಲ್ಲಿ ಪೋರ್ಷೆಯವರು ಇಂಗಾಲ ಮತ್ತು ಪಿಂಗಾಣಿಯ ಗುಣಗಳನ್ನು ಬೆರೆಸಿದ ಬಿಲ್ಲೆಗಳನ್ನು ತಮ್ಮ 911 ಕಾರಿಗೆ ಕೊಟ್ಟರು. ತೂಕ ಎರಕದ ಕಬ್ಬಿಣದ ಬಿಲ್ಲೆಯ ಸುಮಾರು ಅರ್ಧ. ಕಾದರೂ ಸುಲಭಕ್ಕೆ ಸೋಲುವುದಿಲ್ಲ. ಬೆಲೆ ಮಾತ್ರ ಹಲವು ಲಕ್ಷ ರೂಪಾಯಿ. ಕೊಳ್ಳಬೇಕೇ? ಪಂದ್ಯದ ಬಯಲಿನಲ್ಲಿ ಗಂಟೆಗಟ್ಟಲೆ ಓಡಿಸುವವನು ಕೊಳ್ಳಲಿ. ಸಂಸಾರವನ್ನು ಕೂರಿಸಿಕೊಂಡು ಊರಿಗೆ ಹೋಗುವವನಿಗೆ ಕಾರ್ಖಾನೆಯ ಕಬ್ಬಿಣದ ಬಿಲ್ಲೆಯೇ ಸಾಕು, ಅದನ್ನು ಚೆನ್ನಾಗಿ ನೋಡಿಕೊಂಡರೆ. ಕೆಲವರು ಶೋಕಿಗಾಗಿ ಪಂದ್ಯದ ಪ್ಯಾಡುಗಳನ್ನು ತಮ್ಮ ಕಾರಿಗೆ ಹಾಕಿಸುತ್ತಾರೆ. ಅವು ಕಾದ ಮೇಲೆಯೇ ಹಿಡಿಯುವಂಥವು. ಬೆಳಗ್ಗೆ ಮನೆಯಿಂದ ಹೊರಟು ಮೊದಲನೆಯ ಸಿಗ್ನಲ್ಲಿನಲ್ಲಿ ತುಳಿದಾಗ ಮಾಮೂಲು ಪ್ಯಾಡಿಗಿಂತ ಕಡಿಮೆ ಹಿಡಿಯುತ್ತವೆ.

ಇದಕ್ಕಿಂತ ದೊಡ್ಡ ಅಲಕ್ಷ್ಯ ಇನ್ನೊಂದಿದೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಕೂಡಿದ ದ್ರವ ಬೇಗ ಕುದಿಯುತ್ತದೆ. ಮುಂಬಯಿ, ಚೆನ್ನೈಯಂಥ ಕಡಲ ತೀರದ ಊರುಗಳಲ್ಲಿ ವರ್ಷಗಟ್ಟಲೆ ಅದನ್ನು ಬದಲಿಸದೆ, ರಜೆ ಬಂದೊಡನೆ ಸಾಮಾನು ಹೇರಿಕೊಂಡು ಘಾಟಿ ಇಳಿಯಲು ಹೊರಡುವವರು ನಮ್ಮಲ್ಲಿ ಅನೇಕರಿದ್ದಾರೆ. ಡ್ಯೂಯಿಸನು 1952ರಲ್ಲಿ ಕಂಡ ಕುದಿಯುವ ದ್ರವ ಇಂದಿನ ಕಾರಿನಲ್ಲಿಯೂ ಕುದಿಯದೆ ಇರದು. ಸುಮಾರು ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸಿ, ಪ್ಯಾಡು-ಟೈರುಗಳನ್ನು ನೋಡಿಸಿ, ಇಳಿಜಾರಿನಲ್ಲಿ ಗೇರು ತಗ್ಗಿಸುವವನಿಗೆ ಲಕ್ಷಗಳ ಪಿಂಗಾಣಿ ಬೇಕಾಗಿಲ್ಲ.

ಕುದುರೆಯ ಬೆಲೆಯನ್ನು ಅದರ ಓಟದಿಂದ ಕಟ್ಟುತ್ತಾರೆ. ಸವಾರನ ಜೀವ ಉಳಿಯುವುದು ಕಡಿವಾಣದಿಂದ. ಬೂಟಿನ ಚರ್ಮದಿಂದ ಪಿಂಗಾಣಿಯವರೆಗೆ ಈ ಕಡಿವಾಣ ಬಹುದೂರ ಬಂದಿದೆ. ಅದು ಬೆಳೆದ ದಾರಿಯಲ್ಲಿ ಪ್ರಾಣ ತೆತ್ತವರ ಋಣ ನಮ್ಮ ಮೇಲಿದೆ. ಮುಂದಿನ ಸಲ ಘಾಟಿಯಲ್ಲಿ ಕಮಟು ವಾಸನೆ ಬಂದಾಗ ಮಗು ಕೇಳಿದರೆ, ಸುಮ್ಮನಿರೆಂದು ಗದರಿಸದೆ ಈ ಕಥೆಯನ್ನು ಹೇಳಿರಿ. ಕಥೆ ಮುಗಿಯುವುದರೊಳಗೆ ಘಾಟಿಯೂ ಮುಗಿದಿರುತ್ತದೆ.